ಸಣ್ಣ ಬಳೆಯ ಒಳಮೈ

ಆ ಬಳೆಯ ತೂತಿಗೆ ದೊಡ್ಡವರ ಬೆರಳು ಹೋಗುವುದಿಲ್ಲ.

ಕಾರ್ಖಾನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಗೇಟಿನ ಕಾವಲುಗಾರನಿಗೆ ಗೊತ್ತು, ಮ್ಯಾನೇಜರನಿಗೆ ಗೊತ್ತು, ಬಣ್ಣದ ಡಬ್ಬಿ ತೊಳೆಯುವವಳಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಮುಖ ಇಟ್ಟುಕೊಳ್ಳುವುದು ಹೇಗೆಂಬುದೂ ಎಲ್ಲರಿಗೂ ಗೊತ್ತು.

ಅದು ಮರದ ಆಟಿಕೆಯ ಕಾರ್ಖಾನೆ. ಒಂದು ಪೀಠ, ಅದರ ನಡುವೆ ನೆಟ್ಟಗೆ ಒಂದು ಕಡ್ಡಿ, ಕಡ್ಡಿಗೆ ಪೋಣಿಸಲು ಬಣ್ಣದ ಬಳೆಗಳು. ಕಡ್ಡಿ ಮೇಲೆ ಹೋದಂತೆ ಸಪೂರವಾಗುತ್ತದೆ, ಬಳೆಗಳೂ ಅದಕ್ಕೆ ತಕ್ಕ ಹಾಗೆ ಕಿರಿದಾಗುತ್ತವೆ. ದೊಡ್ಡದು ತಳಕ್ಕೆ, ಸಣ್ಣದು ತುದಿಗೆ. ಹಾಗೆ ಪೋಣಿಸಲು ಕಲಿತ ಕೂಸಿನ ಬುದ್ಧಿ ಚುರುಕಾಗುತ್ತದೆ ಎಂದು ಡಬ್ಬದ ಮೇಲೆ ಅಚ್ಚು ಹಾಕಿದ್ದಾರೆ. ಪಕ್ಕದಲ್ಲಿ ಗುಂಡುಗುಂಡಾದ ಒಂದು ಮಗುವಿನ ಫೋಟೋ. ಆ ಮಗು ಯಾರದೋ, ಎಲ್ಲಿಯದೋ. ಈ ಬೀದಿಯದಂತೂ ಅಲ್ಲ.

ಬಳೆಯ ಹೊರಮೈ ಉಜ್ಜಲು ಯಂತ್ರವಿದೆ. ಒಳಮೈ ಉಜ್ಜಲು ಕೈಯೇ ಆಗಬೇಕು. ಉಜ್ಜುವ ಕಾಗದವನ್ನು ಬೆರಳಿಗೆ ಸುತ್ತಿ, ತೂತಿನೊಳಗೆ ತೂರಿಸಿ, ತಿರುವಬೇಕು. ಕಡ್ಡಿಗೆ ಸುತ್ತಿ ತಿರುವಿದರೆ ಅಂಚು ಕಿತ್ತುಬಂದು ಮಾಲು ಹಾಳು. ದೊಡ್ಡ ಬಳೆಗಳಿಗೆ ಹೆಂಗಸರ ಬೆರಳು ಆಗುತ್ತದೆ. ತುದಿಯ ಸಣ್ಣ ಬಳೆಗೆ ಆಗುವುದಿಲ್ಲ. ಉಳ್ಳವರ ಕೂಸುಗಳು ಮೊದಲು ಬಾಯಿಗೆ ಹಾಕುವುದು ಆ ಸಣ್ಣದನ್ನೇ. ಆದ್ದರಿಂದ ಅದು ಎಲ್ಲಕ್ಕಿಂತ ನುಣುಪಾಗಿರಬೇಕು. ಒಂದು ಸಿಬಿರೂ ಏಳಬಾರದು. ಅದಕ್ಕೂ ಒಂದು ಯಂತ್ರ ಬರುತ್ತದಂತೆ. ತರಿಸಿಲ್ಲ. ಚೀಲ ಅಗ್ಗ.

ಚೀಲವೆಂದರೆ ಇದು: ಸಂಜೆ ಹೊತ್ತಿಗೆ ಕಾರ್ಖಾನೆಯ ಹಿಂಬಾಗಿಲಿಂದ ಒಂದು ಗಾಡಿ ಹೊರಡುತ್ತದೆ. ಗೋಡೆಗೆ ಅಂಟಿಕೊಂಡಿರುವ ಬೀದಿಯಲ್ಲಿ ಮನೆಮನೆಯ ಹೊಸ್ತಿಲಿಗೂ ಒಂದೊಂದು ಚೀಲ ಬೀಳುತ್ತದೆ. ಮಾರನೆಯ ದಿನ ಬೆಳಗಾಗುತ್ತಲೇ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ. ಚೀಲದ ತುಂಬ ಸಣ್ಣ ಬಳೆಗಳು. ಕಾರ್ಖಾನೆಯ ಯಾವ ಮಾತಿನಲ್ಲೂ ಆ ಚೀಲ ಇಲ್ಲ. ಆ ಬೀದಿಯೂ ಇಲ್ಲ. ಆ ಬೀದಿಯ ಮಕ್ಕಳಂತೂ ಹುಟ್ಟೇ ಇಲ್ಲ.

ಹುಟ್ಟಿಲ್ಲದ ಆ ಮಕ್ಕಳಲ್ಲಿ ಒಬ್ಬಳು ಚೋಟಿ. ಚೋಟುದ್ದ ಇದ್ದಳೆಂದು ಆ ಹೆಸರು. ಮೂರು ತುಂಬಿದ್ದರೂ ಎರಡರ ಮೈ. ಅವಳ ತಾಯಿಯನ್ನು ಎಲ್ಲರೂ ಧೂಳಿ ಅನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವಳು ಹೊರಮೈ ಉಜ್ಜುವ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಮರದ ಪುಡಿ ಅವಳ ರೆಪ್ಪೆಯ ಮೇಲೆ, ಕಿವಿಯ ಸಂದಿಯಲ್ಲಿ, ಹಲ್ಲಿನ ಬುಡದಲ್ಲಿ ಕೂತಿರುತ್ತಿತ್ತು. ಉಗುಳಿದರೆ ಅಂಟು ಬರುತ್ತಿತ್ತು. ಗಂಡ ಲಾರಿ ಹತ್ತಿ ಹೋದವನು ಇನ್ನೂ ಇಳಿದಿರಲಿಲ್ಲ. ಮನೆಯಲ್ಲಿ ಮಾವ. ಒಂದು ಪಕ್ಕ ಬಿದ್ದುಹೋದ ಮುದುಕ, ಬಾಯಿಯೂ ಅರ್ಧ ಬಿದ್ದಿತ್ತು. ಧೂಳಿ ಕೆಲಸಕ್ಕೆ ಹೋಗುವಾಗ ಹಳೆಯ ಬಟ್ಟೆಯ ಪಟ್ಟಿಯಿಂದ ಚೋಟಿಯ ಸೊಂಟವನ್ನು ಅವನ ಮಂಚದ ಕಾಲಿಗೆ ಕಟ್ಟಿ ಹೋಗುತ್ತಿದ್ದಳು. ಬಾಗಿಲಾಚೆ ಲಾರಿಗಳ ದಾರಿ. ಬಿಟ್ಟುಹೋದರೆ ಮಗು ಚಕ್ರದಡಿ. ಆಡಲಾರದ ಮುದುಕ, ಆಡಿಸುವವರಿಲ್ಲದ ಮಗು, ಇಬ್ಬರೂ ಒಂದೇ ಮಂಚಕ್ಕೆ. ಮಗು ಮಾತು ಕಲಿಯುವುದು ಯಾರಿಂದ? ಅವಳ ಬಾಯಲ್ಲಿದ್ದ ಮಾತುಗಳನ್ನು ಒಂದು ಮುಷ್ಟಿಯಲ್ಲಿ ಹಿಡಿಯಬಹುದಿತ್ತು.

ಕೈ ಮಾತ್ರ ಚುರುಕಾಗಿತ್ತು.

ಆ ದಿನ ಮಧ್ಯಾಹ್ನ ಸೂಪರ್‌ವೈಸರ್ ಯಂತ್ರಗಳನ್ನೆಲ್ಲ ನಿಲ್ಲಿಸಿದ. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದದ್ದರಿಂದ ಹೆಂಗಸರು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು, ಅವನ ಬೆನ್ನ ಹಿಂದೆ.

"ನಾಳೆ ಹೊರಗಿನೋರು ಬರ್ತಾರೆ" ಅಂದ. "ಮಾಲು ಕೊಳ್ಳೋ ಕಂಪನಿಯೋನು, ಜೊತೆಗೆ ಮಕ್ಕಳ ಬುದ್ಧಿ ಬಗ್ಗೆ ಓದಿರೋ ಒಬ್ಬ ಮೇಡಂ. ಮಕ್ಕಳ ಕೋಣೆ ನೋಡ್ತಾರೆ. ಯಾರ್ಯಾರ ಮನೇಲಿ ಸಣ್ಣ ಮಕ್ಕಳಿವೆ, ಕರ್ಕೊಂಡು ಬನ್ನಿ. ಸ್ನಾನ ಮಾಡಿಸಿ. ಗೊಣ್ಣೆ ಸುರಿಸೋದು, ಕೆಮ್ಮೋದು, ಕಜ್ಜಿ ಇರೋದು ಬೇಡ."

"ಹಾಗಾದ್ರೆ ಬೀದೀಲಿ ಒಂದೂ ಉಳಿಯಲ್ಲ ಬಿಡಪ್ಪ" ಅಂದಳು ಬೊಚ್ಚಜ್ಜಿ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆಗೆ ಮೂಳೆಯಿಲ್ಲ. ಮೂಲೆಯಲ್ಲಿ ಕೂತು ಬಳೆಗಳನ್ನು ಬಣ್ಣಕ್ಕೆ ಅದ್ದುವುದು ಅವಳ ಕೆಲಸ. "ನನ್ನ ಬಾಯಲ್ಲೂ ಹಲ್ಲಿಲ್ಲ. ನನ್ನೂ ಮಕ್ಕಳ ಲೆಕ್ಕಕ್ಕೆ ಸೇರಿಸ್ಕೊ. ಒಂದಿನ ಕಾಲು ಚಾಚಿ ಕೂರ್ತೀನಿ."

ಹೆಂಗಸರು ನಕ್ಕರು. ಸೀಟಿ ಸೀಟಿ ಊದಿದ.

ಮಕ್ಕಳ ಕೋಣೆ ಎಂದು ಒಂದಿತ್ತು. ಕಾರ್ಖಾನೆಯಲ್ಲಿ ಹೆಂಗಸರಿದ್ದರೆ ಅವರ ಮಕ್ಕಳಿಗೆ ಕೋಣೆ ಇರಬೇಕೆಂದು ಕಾನೂನಿದೆಯಂತೆ. ಆದ್ದರಿಂದ ಕೋಣೆ ಇತ್ತು. ಬೀಗವೂ ಇತ್ತು. ಒಳಗೆ ಖಾಲಿ ಡಬ್ಬಗಳನ್ನು ಪೇರಿಸಿಡುತ್ತಿದ್ದರು. ನೋಡಲು ಜನ ಬರುವ ದಿನ ಡಬ್ಬಗಳು ಹೊರಗೆ, ಚಾಪೆ ಒಳಗೆ. ಆಟಿಕೆಗಳನ್ನು ಅಲ್ಲಿ ಪ್ಲಾಸ್ಟಿಕ್ ಬಿಚ್ಚದೆ ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ಧೂಳಿ ಒಂದು ಸಲ ಡಬ್ಬ ಹೊರಲು ಹೋದಾಗ ನೋಡಿದ್ದಳು. ಕಿಟಕಿಯಿತ್ತು. ಗಾಳಿಯಿತ್ತು. ಮೂಲೆಯಲ್ಲಿ ಮಕ್ಕಳ ಎತ್ತರಕ್ಕೆ ಒಂದು ನಲ್ಲಿ. ಅವತ್ತಿನಿಂದ ಆ ಕೋಣೆ ಅವಳ ಕಣ್ಣಿಗೆ ಕಟ್ಟಿತ್ತು. ಮಂಚದ ಕಾಲಿಲ್ಲದ ಕೋಣೆ. ಕಟ್ಟದೆ ಮಗು ಬಿಡಬಹುದಾದ ಕೋಣೆ.

ಅವಳು ಕೈ ಒರೆಸಿಕೊಂಡು ಕೇಳಿದಳು. "ಆ ಮೇಡಂ ಹೇಳಿದ್ರೆ ಕೋಣೆ ದಿನಾ ತೆಗೀತಾರಾ?"

"ಮೇಡಂಗೆ ಇಷ್ಟ ಆದ್ರೆ ಏನು ಬೇಕಾದ್ರೂ ಆಗುತ್ತೆ" ಅಂದ ಸೀಟಿ, ಅವಳನ್ನು ನೋಡದೆ. ಅದು ಅವನು ನೊಣ ಓಡಿಸುವಾಗ ಆಡುವಂಥ ಮಾತು. ಧೂಳಿ ಅದನ್ನು ಗಂಟು ಕಟ್ಟಿಕೊಂಡು ಮನೆಗೆ ಹೋದಳು.

ಸಂಜೆ ಚೋಟಿಯನ್ನು ತಿಕ್ಕಿ ತೊಳೆದಳು. ಕತ್ತಿನ ಮಡಿಕೆ, ಕಿವಿಯ ಹಿಂಭಾಗ, ಎಲ್ಲಾ ಕಡೆ ಮರದ ಪುಡಿ. ಬಲಗೈಯ ತೋರುಬೆರಳನ್ನು ಎಷ್ಟು ತಿಕ್ಕಿದರೂ ಅದು ಬೆಳ್ಳಗಾಗಲಿಲ್ಲ. ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಉಜ್ಜಿ ಉಜ್ಜಿ ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು. ಧೂಳಿ ಆ ಬೆರಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಳು. ಆಮೇಲೆ ಬಿಟ್ಟಳು. ನೋಡುತ್ತ ಕೂತರೆ ಚೀಲ ಮುಗಿಯುವುದಿಲ್ಲ.

"ನಾಳೆ ನೀನು ಅಲ್ಲಿ ಆಟ ಆಡ್ಬೇಕು, ಆಯ್ತಾ?"

ಚೋಟಿ ತಾಯಿಯ ಮುಖ ನೋಡಿದಳು.

"ಆಟ ಕಣೇ. ಬಳೆ ಕೊಡ್ತಾರೆ. ಆಡ್ಬೇಕು."

ಚೋಟಿ ಚೀಲಕ್ಕೆ ಕೈ ಹಾಕಿ ಒಂದು ಬಳೆ ತೆಗೆದಳು. ಬೆರಳಿಗೆ ಕಾಗದ ಸುತ್ತಿದಳು.

"ಹಾಗಲ್ಲ." ಧೂಳಿ ಒಂದು ಕಡ್ಡಿ ತಂದು ನೆಲದಲ್ಲಿ ಚುಚ್ಚಿದಳು. ಒಂದು ಬಳೆ ಪೋಣಿಸಿದಳು. ಮತ್ತೊಂದು. ಚಪ್ಪಾಳೆ ತಟ್ಟಿದಳು. ತನ್ನ ಚಪ್ಪಾಳೆ ತನಗೇ ಕೇಳಿಸಿ ನಾಚಿಕೆಯಾಯಿತು. ಮುಂದೆ ಏನು ಮಾಡಬೇಕೋ ತೋಚಲಿಲ್ಲ. ಪೋಣಿಸಿದ ಮೇಲೆ? ತೆಗೆಯುವುದೇ? ತೆಗೆದು ಮತ್ತೆ ಪೋಣಿಸುವುದೇ? ಅದರಲ್ಲೇನು ಬಂತು? ಅವಳು ಚೋಟಿಯಷ್ಟಿದ್ದಾಗ ಇನ್ಯಾವುದೋ ಬೀದಿಯಲ್ಲಿ ಇನ್ಯಾವುದೋ ಚೀಲದ ಮುಂದೆ ಕೂತಿದ್ದಳು. ಅವಳಿಗೂ ಯಾರೂ ಆಟ ತೋರಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಕಲಿಸುವುದು ಹೇಗೆ?

ಪಕ್ಕದ ಬಾಗಿಲಲ್ಲಿ ಕೂತಿದ್ದ ಬೊಚ್ಚಜ್ಜಿ ನೋಡುತ್ತಿದ್ದಳು. "ಯಾಕೆ ಒದ್ದಾಡ್ತೀಯ, ಕೋಣೆ ತುಂಬೋಕೆ ಮಕ್ಕಳು ಬೇಕು ಅವರಿಗೆ, ಆಟ ಅಲ್ಲ. ಕೂರಿಸಿ ಬಾ ಅಷ್ಟೇ."

"ಮೇಡಂ ಓದಿರೋರಂತೆ ಅಜ್ಜಿ. ಕೋಣೆ ತೆಗೆಸ್ತಾರೇನೋ."

"ಓದಿರೋರು ನಿನ್ನ ಕಡೆ ನೋಡ್ತಾರೆ ಅಂತ ಯಾರು ಹೇಳಿದ್ದು? ಮುಖಕ್ಕೆ ನೀರು ಹಾಕ್ಕೊ. ಕನಸು ಅಂಟ್ಕೊಂಡಿದೆ."

ಮರುದಿನ ಚಾಪೆಯ ಮೇಲೆ ಬೀದಿಯ ಮಕ್ಕಳನ್ನು ಸಾಲಾಗಿ ಕೂರಿಸಿದರು. ಬೀರು ತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಒಬ್ಬೊಬ್ಬರ ಮುಂದೆ ಒಂದೊಂದು ಆಟಿಕೆ ಇಟ್ಟರು. ಬಿಚ್ಚಿದ ಪ್ಲಾಸ್ಟಿಕ್ಕನ್ನು ಹರಿಯದಂತೆ ಮಡಿಸಿ ಬದಿಗಿಟ್ಟರು. ಸಂಜೆ ಮತ್ತೆ ಸುತ್ತಬೇಕಲ್ಲ.

ಕೋಣೆಯ ಕಿಟಕಿ ಉಜ್ಜುವ ಯಂತ್ರಗಳ ಸಾಲಿಗೆ ತೆರೆದುಕೊಂಡಿತ್ತು. ಯಂತ್ರದ ಮುಂದೆ ನಿಂತೇ ಧೂಳಿ ಕತ್ತು ಉದ್ದ ಮಾಡಿ ನೋಡಿದಳು. ಒಂದು ಮಗು ಅಳುತ್ತಿತ್ತು. ಒಂದು ಕೂತಲ್ಲೇ ತೂಕಡಿಸುತ್ತಿತ್ತು. ಇನ್ನೊಂದು ಪೀಠವನ್ನು ಮಡಿಲಲ್ಲಿಟ್ಟುಕೊಂಡು, ಯಾರಾದರೂ ಕಿತ್ತುಕೊಂಡಾರೆಂದು ಸುತ್ತ ನೋಡುತ್ತಿತ್ತು.

ಚೋಟಿ ಮಾತ್ರ ಕೆಲಸ ಶುರು ಮಾಡಿದ್ದಳು.

ಕಡ್ಡಿಯಿಂದ ತುದಿಯ ಸಣ್ಣ ಬಳೆ ತೆಗೆದಳು. ದೊಡ್ಡವುಗಳ ಕಡೆ ನೋಡಲೇ ಇಲ್ಲ, ಅವು ಅವಳ ಪಾಲಿನವಲ್ಲ. ತೆವಳುತ್ತ ಹೋಗಿ ಪಕ್ಕದ ಮಕ್ಕಳ ಸಣ್ಣ ಬಳೆಗಳನ್ನೂ ಕಿತ್ತು ತಂದಳು. ಕಾಗದವಿರಲಿಲ್ಲ. ಅಂಗಿಯ ಅಂಚನ್ನು ಬೆರಳಿಗೆ ಸುತ್ತಿದಳು. ಉಗುಳು ಹಚ್ಚಿದಳು. ತೂತಿಗೆ ತೂರಿಸಿ ತಿರುವಿದಳು. ಊದಿದಳು. ಬೆಳಕಿಗೆ ಹಿಡಿದಳು. ಕೆಳದುಟಿಗೆ ತಾಗಿಸಿ ಸಿಬಿರಿದೆಯೇ ನೋಡಿದಳು. ಪಕ್ಕಕ್ಕಿಟ್ಟಳು. ಇನ್ನೊಂದು. ಬೆನ್ನು ಬಾಗಿತ್ತು. ಮುದುಕಿಯರು ಕೂರುವ ಹಾಗೆ ಒಂದು ಮಂಡಿ ಮಡಿಸಿ, ಒಂದು ಮಂಡಿ ನಿಲ್ಲಿಸಿ ಕೂತಿದ್ದಳು.

ಮೇಡಂ ಒಳಗೆ ಬಂದರು. ಹಿಂದೆ ಕಂಪನಿಯವನು, ಅವನ ಹಿಂದೆ ಮ್ಯಾನೇಜರ್, ಬಾಗಿಲಲ್ಲಿ ಸೀಟಿ. ಮೇಡಂ ಅಳುವ ಮಗುವನ್ನು ದಾಟಿದರು. ತೂಕಡಿಸುವ ಮಗುವನ್ನು ದಾಟಿದರು. ಚೋಟಿಯ ಮುಂದೆ ನಿಂತುಬಿಟ್ಟರು.

"ನೋಡಿ ಇಲ್ಲಿ" ಅಂದರು, ದನಿ ತಗ್ಗಿಸಿ. "ಇದನ್ನೇ ನಾನು ಹೇಳ್ತಾ ಇದ್ದದ್ದು. ಈ ವಯಸ್ಸಲ್ಲಿ ಮಿದುಳು ಹೂವಿನ ಥರ ಅರಳುತ್ತೆ. ಒಳ್ಳೇ ಆಟಿಕೆ ಕೈಗೆ ಸಿಕ್ರೆ ಸಾಕು, ಮಗು ಎಂಥ ಮನೆಯದೇ ಆಗಿರಲಿ. ಏನು ಏಕಾಗ್ರತೆ. ಬೆರಳಿನ ಹಿಡಿತ ನೋಡಿ."

ಕಂಪನಿಯವನು ಫೋನು ತೆಗೆದು ಚಿತ್ರ ಹಿಡಿಯತೊಡಗಿದ. ಫೋನನ್ನು ಬೆರಳಿನ ಹತ್ತಿರಕ್ಕೆ ತಂದ. ಚೋಟಿ ತಲೆಯೆತ್ತಲಿಲ್ಲ.

"ಡಬ್ಬದ ಮೇಲೆ ಈ ಮಗುನೇ ಹಾಕಬಹುದಲ್ಲ?" ಅಂದ.

ಮ್ಯಾನೇಜರನ ಮುಖ ಊರಗಲವಾಯಿತು. "ದಿನಾ ಇಲ್ಲೇ ಆಡೋದು ಸಾರ್. ನಮ್ಮ ಕೋಣೆ ಬಿಟ್ಟು ಕದಲೋದೇ ಇಲ್ಲ."

"ತಾಯಿ ಯಾರು? ಕರೀರಿ" ಅಂದರು ಮೇಡಂ.

ಧೂಳಿ ಓಡಿ ಬಂದಳು. ಬಾಗಿಲಲ್ಲಿ ಸೀಟಿ ಅವಳ ತೋಳು ಹಿಡಿದು, ಹಲ್ಲು ಕಚ್ಚಿ ಪಿಸುಗುಟ್ಟಿದ. "ಹೂಂ ಅಂದ್ಕೊಂಡು ನಿಂತ್ಕೊ. ಅಷ್ಟೇ." ಅವಳು ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ಧೂಳು ಹೋಗಲಿಲ್ಲ, ಜಾಗ ಬದಲಾಯಿಸಿತು.

"ಬನ್ನಿ ಅಮ್ಮ, ಬನ್ನಿ" ಅಂದರು ಮೇಡಂ. "ನೀವು ಪುಣ್ಯವಂತರು. ಮನೇಲಿ ಮಗೂ ಜೊತೆ ಏನೇನು ಮಾಡ್ತೀರಿ? ಕಥೆ ಹೇಳ್ತೀರಾ? ಹಾಡ್ತೀರಾ?"

ಇಷ್ಟು ಮೆತ್ತಗೆ ಈ ಕಾರ್ಖಾನೆಯಲ್ಲಿ ಧೂಳಿಯನ್ನು ಯಾರೂ ಮಾತಾಡಿಸಿರಲಿಲ್ಲ. ಅಮ್ಮ ಅಂದರು. ನೀವು ಅಂದರು. ಹೂಂ ಅನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಚೋಟಿ ಕೊನೆಯ ಬಳೆ ಮುಗಿಸಿದಳು. ಎಲ್ಲವನ್ನೂ ಮಡಿಲಿಗೆ ತುಂಬಿಕೊಂಡು ಎದ್ದುಬಂದು ತಾಯಿಯ ಕಾಲ ಬಳಿ ಸುರಿದಳು.

"ಮುಗೀತು" ಅಂದಳು. "ಚೀಲ ಕೊಡು."

ಅವಳ ಮುಷ್ಟಿಯಷ್ಟು ಮಾತಿನಲ್ಲಿ ಇವು ಮೂರು ಇದ್ದವು.

"ಏನಂದಳು? ಚೀಲ?" ಮೇಡಂ ನಕ್ಕರು.

"ಆಟದ ಚೀಲ ಮೇಡಂ, ಆಟದ ಚೀಲ" ಅಂದ ಸೀಟಿ.

ಧೂಳಿ ಮಗಳ ಕಡೆ ನೋಡಿದಳು. ಮಗಳು ಕೈ ಚಾಚಿ ನಿಂತಿದ್ದಳು. ಬೆರಳ ತುದಿ ಹೊಳೆಯುತ್ತಿತ್ತು. ಮಕ್ಕಳ ಬುದ್ಧಿಯನ್ನೇ ಓದಿದವರು ಎದುರಿಗಿದ್ದಾರೆ. ಈಗ ಹೂಂ ಅಂದರೆ ಕೋಣೆಗೆ ಸಂಜೆ ಬೀಗ. ಇದ್ದದ್ದು ಹೇಳಿದರೆ ಇವರಿಗೆ ತಿಳಿಯುತ್ತದೆ. ತಿಳಿದರೆ ತೆರೆಸುತ್ತಾರೆ. ಹೀಗೆಂದುಕೊಂಡಳು ಅವಳು. ಅವಳ ಜನ್ಮದಲ್ಲಿ ಅದಕ್ಕಿಂತ ದೊಡ್ಡ ತಪ್ಪನ್ನು ಅವಳು ಮಾಡಿರಲಿಲ್ಲ.

"ಆಟದ ಚೀಲ ಅಲ್ಲಮ್ಮ" ಅಂದಳು. "ಕಾರ್ಖಾನೆ ಚೀಲ. ಸಂಜೆ ಮನೆಗೆ ಬರುತ್ತೆ. ಸಣ್ಣ ಬಳೆಯ ಒಳಗಡೆ ಉಜ್ಜಬೇಕು. ನಮ್ಮ ಬೆರಳು ಹೋಗಲ್ಲ, ಅದಕ್ಕೆ ಇವಳು ಉಜ್ತಾಳೆ. ಬೀದಿ ಮಕ್ಕಳೆಲ್ಲ ಉಜ್ತಾವೆ. ಇವಳಿಗೆ ಆಟ ಬರಲ್ಲಮ್ಮ. ಈ ಕೋಣೆ ದಿನಾ ತೆಗೆದ್ರೆ ಕಲೀತಾಳೆ. ಹಗಲೆಲ್ಲ ಮಂಚಕ್ಕೆ ಕಟ್ಟಿ ಬರ್ತೀನಿ. ನೀವು ಹೇಳಿ ತೆಗೆಸಿ."

ಕಂಪನಿಯವನು ಫೋನು ಕೆಳಗಿಳಿಸಿದ. ಬೆರಳಾಡಿಸಿ ಚಿತ್ರ ಅಳಿಸಿದ. "ಇದೆಲ್ಲ ನಮಗೆ ಗೊತ್ತಿರೋ ವಿಷಯ ಅಲ್ಲ" ಅಂದ, ಯಾರೂ ಕೇಳದಿದ್ದರೂ.

ಮೇಡಂ ಮ್ಯಾನೇಜರನ ಕಡೆ ತಿರುಗುತ್ತಾರೆಂದು ಧೂಳಿ ಕಾದಳು. ಅವರು ತಿರುಗಲಿಲ್ಲ. ಧೂಳಿಯನ್ನೇ ನೋಡಿದರು.

"ಮಗೂನ ಮಂಚಕ್ಕೆ ಕಟ್ಟುತ್ತೀಯಾ?" ಅಂದರು. "ಇಷ್ಟು ಚಿಕ್ಕ ಮಗು ಕೈಲಿ ಕೆಲಸ ಮಾಡಿಸ್ತೀಯಾ? ನೀನೂ ಒಬ್ಬ ತಾಯಿನಾ?"

ನೀವು ಹೋಗಿ ನೀನು ಆಗಿತ್ತು. ಅಷ್ಟು ಬೇಗ.

ಮ್ಯಾನೇಜರ್ ಬುದ್ಧಿವಂತ. ಗಾಳಿ ಬೀಸಿದ ಕಡೆ ತೂರಿಕೊಂಡ. ಯಂತ್ರಗಳನ್ನು ನಿಲ್ಲಿಸಿ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆಸಿದ. ಮೇಡಂ ಮತ್ತು ಕಂಪನಿಯವನು ಕಾರಿನ ಬಳಿ ನೆರಳಲ್ಲಿ ನಿಂತರು. ಮಿಕ್ಕವರು ಬಿಸಿಲಲ್ಲಿ. ಧೂಳಿಯನ್ನು ನಡುವೆ ನಿಲ್ಲಿಸಿದರು. ಚೋಟಿ ಅವಳ ಸೊಂಟದ ಮೇಲಿದ್ದಳು.

ಮ್ಯಾನೇಜರ್ ಮೊದಲು ಅವಳಿಗಷ್ಟೇ ಕೇಳುವ ಹಾಗೆ ಹೇಳಿದ. "ನೋಡು. ನೀನು ಹೀಗೆ ಹೇಳ್ಬೇಕು: ನಾನೇ ಮಾಲು ಕದ್ದು ಮನೆಗೆ ಒಯ್ದೆ, ನಾನೇ ದುಡ್ಡಿನ ಆಸೆಗೆ ಮಗು ಕೈಲಿ ಉಜ್ಜಿಸಿದೆ, ಕಾರ್ಖಾನೆಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲರ ಮುಂದೆ ಇಷ್ಟು ಹೇಳು. ಕಾಲು ಮುಟ್ಟಿ ಕ್ಷಮೆ ಕೇಳು. ಕೆಲಸ ಇರುತ್ತೆ. ಇಲ್ಲಾಂದ್ರೆ ಮೇಡಂ ಒಂದು ಫೋನು ಮಾಡ್ತಾರೆ. ಮಗು ಕೈಲಿ ದುಡಿಸೋ ತಾಯಿ ಹತ್ರ ಮಗು ಬಿಡಲ್ಲ. ಎತ್ಕೊಂಡು ಹೋಗಿ ಅನಾಥಾಲಯಕ್ಕೆ ಹಾಕ್ತಾರೆ. ಆಮೇಲೆ ಬಾಯಿ ಬಡ್ಕೋಬೇಡ."

ಧೂಳಿ ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು. ಸುತ್ತ ನೋಡಿದಳು. ಎಲ್ಲ ಹೆಂಗಸರೂ ನೆಲ ನೋಡುತ್ತಿದ್ದರು. ಅವರ ಮನೆಗಳಲ್ಲೂ ಚೀಲವಿತ್ತು. ಅವರ ಮಕ್ಕಳಿಗೂ ಅನಾಥಾಲಯದ ಬಾಗಿಲು ಅಷ್ಟೇ ಅಗಲ.

"ಹೇಳು" ಅಂದ ಮ್ಯಾನೇಜರ್, ಈಗ ಎಲ್ಲರಿಗೂ ಕೇಳುವ ಹಾಗೆ.

ಅವಳು ಬಾಯಿ ತೆರೆದಳು. "ನಾನು..." ಅಂದಳು. ಉಗುಳು ನುಂಗಿದಳು. ಮರದ ಪುಡಿ ಗಂಟಲಿಗೆ ಇಳಿಯಿತು. ಇಷ್ಟು ವರ್ಷ ನುಂಗಿದ್ದು ಸಾಲದೆ ಇದನ್ನೂ ನುಂಗಬೇಕು. ಕಳ್ಳಿ ಅನ್ನಿಸಿಕೊಳ್ಳಬಹುದಿತ್ತು. ಕಾಲು ಮುಟ್ಟಬಹುದಿತ್ತು, ಮುಟ್ಟದ ಕಾಲುಗಳೇನಲ್ಲ. ಆದರೆ ಹೇಳಿಬಿಟ್ಟರೆ ಚೀಲ ಅವಳ ಆಸೆಯ ಚೀಲವಾಗುತ್ತದೆ. ನಾಳೆ ಕಾರ್ಖಾನೆ ಕೈ ತೊಳೆದುಕೊಳ್ಳುತ್ತದೆ. ಮಗಳ ಬೆರಳನ್ನು ತಿಂದವಳು ತಾಯಿ ಎಂದಾಗುತ್ತದೆ. ದೊಡ್ಡವಳಾದ ಮೇಲೆ ಮಗಳೂ ಅದನ್ನೇ ನಂಬುತ್ತಾಳೆ.

ಚೋಟಿಯ ಮುಷ್ಟಿಯಲ್ಲಿ ಒಂದು ಸಣ್ಣ ಬಳೆ ಉಳಿದಿತ್ತು. ಧೂಳಿ ಅದನ್ನು ಬಿಡಿಸಿ ತೆಗೆದುಕೊಂಡಳು. ಮ್ಯಾನೇಜರನ ಎದುರಿಗೆ ಹಿಡಿದಳು.

"ಬೆರಳು ಹಾಕಿ" ಅಂದಳು.

"ಏನು?"

"ನಾನು ಆಸೆಗೆ ಮಗು ಕೈಲಿ ಮಾಡಿಸಿದೆ ಅಂದ್ರಲ್ಲ. ಹಾಗಾದ್ರೆ ಕಾರ್ಖಾನೇಲಿ ಇದನ್ನ ದೊಡ್ಡೋರೇ ಉಜ್ಜಬೇಕಲ್ಲ, ಅವರ ಬೆರಳು ಹೋಗ್ಬೇಕು. ಹಾಕಿ ತೋರಿಸಿ. ಹೋದ್ರೆ ನಾನು ಕಳ್ಳಿ."

ಮೇಡಂ ಕಾರಿನ ಬಳಿಯಿಂದಲೇ ಕೇಳಿದರು. "ಯಾಕೆ, ಹೆಂಗಸರ ಬೆರಳು ಹೋಗಲ್ವಾ ಅದರಲ್ಲಿ?"

"ಯಾಕೆ ಹೋಗಲ್ಲ ಮೇಡಂ. ಸುಮ್ನೆ ನಾಟಕ. ನಂದೇ ಹೋಗುತ್ತೆ, ನೋಡಿ." ಮ್ಯಾನೇಜರ್ ಬಳೆ ಕಸಿದುಕೊಂಡ. ತೋರುಬೆರಳು ಉಗುರಿನ ಬುಡಕ್ಕೇ ನಿಂತಿತು. ಉಂಗುರದ ಬೆರಳು ಅಷ್ಟೂ ಇಲ್ಲ. ಕಿರುಬೆರಳನ್ನು ತುರುಕಿದ. ಮೇಡಂ ನೋಡುತ್ತಿದ್ದರು. ಹಲ್ಲು ಕಚ್ಚಿ ತಿರುವಿ ತುರುಕಿದ. ಮೊದಲ ಗೆಣ್ಣು ದಾಟಿತು.

"ಹೋಯ್ತಲ್ಲ" ಅಂದ.

"ಈಗ ತಿರುವಿ. ಉಜ್ಜಬೇಕಲ್ಲ" ಅಂದಳು ಧೂಳಿ.

ತಿರುಗಲಿಲ್ಲ. ತೆಗೆಯಲು ನೋಡಿದ. ಬರಲಿಲ್ಲ. ಎಳೆದ. ಬೆರಳು ಕೆಂಪಗಾಯಿತು, ಆಮೇಲೆ ನೀಲಿಗೆ ತಿರುಗಿತು.

ಹಿಂದಿನ ಸಾಲಿನಿಂದ ಬೊಚ್ಚಜ್ಜಿಯ ದನಿ ಬಂತು. "ಉಗುಳು ಹಚ್ಚಿ ಸ್ವಾಮಿ, ಬರುತ್ತೆ. ನಮ್ಮ ಮಕ್ಕಳು ಹಾಗೇ ಮಾಡೋದು."

ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ತಡೆಯಲಾಗಲಿಲ್ಲ.

"ಎಳೀಬೇಡಪ್ಪ, ಮಾಲು ರಿಜೆಕ್ಟಾಗುತ್ತೆ" ಅಂದಳು ಬೊಚ್ಚಜ್ಜಿ. "ಹಾಗೇ ಬೆರಳು ಸೇರಿಸಿ ಡಬ್ಬಕ್ಕೆ ಹಾಕಿಬಿಡಿ. ಕೂಸುಗಳು ಚೀಪ್ತಾವೆ."

ಅಂಗಳ ಪೂರ್ತಿ ನಕ್ಕಿತು. ಅದು ಸಂತೋಷದ ನಗುವಲ್ಲ. ವರ್ಷಗಟ್ಟಲೆ ಗಂಟಲಲ್ಲಿ ಕೂತಿದ್ದ ಕಫ ಕಿತ್ತುಬರುವಾಗಿನ ಸದ್ದು. ಸೀಟಿ ಎಣ್ಣೆ ತರಲು ಓಡಿದ. ಓಡುವಾಗ ಕೊರಳ ಸೀಟಿ ಅವನ ಹಲ್ಲಿಗೇ ಬಡಿಯಿತು. ಮೇಡಂ ಎಲ್ಲವನ್ನೂ ನೋಡಿದರು. ಬೆರಳನ್ನು ನೋಡಿದರು, ಬಳೆಯನ್ನು ನೋಡಿದರು, ಚೋಟಿಯ ಕೈಯನ್ನೂ ನೋಡಿದರು. ನೋಡಿ ಕಾರು ಹತ್ತಿದರು. ಗಾಜು ಏರಿಸಿಕೊಂಡರು. ಓದಿದವರಿಗೆ ಅರ್ಥವಾಗದ್ದೇನೂ ಇರಲಿಲ್ಲ ಅದರಲ್ಲಿ. ಅರ್ಥವಾದದ್ದಕ್ಕೇ ಗಾಜು ಏರಿದ್ದು.

"ಹೊರಗೆ ಹಾಕು ಇವಳನ್ನ" ಅಂದ ಮ್ಯಾನೇಜರ್, ಬೆರಳನ್ನು ಎಣ್ಣೆಯಲ್ಲಿ ಅದ್ದಿಕೊಂಡು.

ಕಾವಲುಗಾರ ಧೂಳಿಯ ಹೆಗಲು ಹಿಡಿದು ತಳ್ಳಿದ. ಅವಳು ಮಗುವಿನೊಂದಿಗೆ ಗೇಟಿನಾಚೆ ಮಂಡಿಯೂರಿ ಬಿದ್ದಳು. ಮಂಡಿಯ ಚರ್ಮ ಕಿತ್ತು ಹೋಯಿತು. ಮಗು ಬೀಳಲಿಲ್ಲ.

ಆ ಸಂಜೆ ಅವಳ ಹೊಸ್ತಿಲಿಗೆ ಚೀಲ ಬೀಳಲಿಲ್ಲ. ಆ ರಾತ್ರಿ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಕಳೆದಳು. ಯಾರಾದರೂ ಮಗುವನ್ನು ಒಯ್ಯಲು ಬಂದರೆ ತನ್ನನ್ನು ದಾಟಿ ಹೋಗಲಿ ಎಂದು. ಬೆಳಗಾಯಿತು. ಯಾರೂ ಬರಲಿಲ್ಲ. ಯಾಕೆ ಬಂದಾರು? ಒಂದು ಮಗುವನ್ನು ಎತ್ತಿದರೆ ಬೀದಿಯನ್ನೇ ಎತ್ತಬೇಕು. ಬೀದಿಯನ್ನು ಎತ್ತಿದರೆ ಬಳೆ ಉಜ್ಜುವವರು ಯಾರು?

ಚೋಟಿಯನ್ನು ಸೊಂಟದ ಮೇಲೆ ಹೊತ್ತು ದಿನವೆಲ್ಲ ಕೆಲಸಕ್ಕೆ ಅಲೆದಳು. ಸುತ್ತಿನ ಯಾವ ಗೇಟಿನಲ್ಲೂ ಅವಳಿಗೆ ಒಳಗೆ ದಾರಿ ಇರಲಿಲ್ಲ. ಮಾತು ಅವಳಿಗಿಂತ ಮುಂಚೆ ಹೋಗಿ ಕೂತಿತ್ತು. ಸಂಜೆ ಮನೆಗೆ ಬಂದಳು. ಪಾತ್ರೆಯಲ್ಲಿ ಗಂಜಿಯ ತಿಳಿ ಮಾತ್ರ ಇತ್ತು. ಮಾವನಿಗೆ ಕುಡಿಸಿ, ಚೋಟಿಗೆ ಕುಡಿಸಿ, ಪಾತ್ರೆ ತೊಳೆದ ನೀರು ತಾನು ಕುಡಿದಳು.

ಆಗ ಗಾಡಿಯ ಸದ್ದಾಯಿತು. ಚೀಲದವನು ಬೀದಿಯ ಆ ತುದಿಯಿಂದ ಒಂದೊಂದೇ ಹೊಸ್ತಿಲಿಗೆ ಚೀಲ ಇಳಿಸುತ್ತ ಬಂದ. ಕೆಲವು ಬಾಗಿಲುಗಳು ತೆರೆದು, ಚೀಲವನ್ನು ಒಳಗೆಳೆದು, ಮುಚ್ಚಿಕೊಂಡವು. ತನ್ನ ಮನೆಗೆ ಬರುವುದಿಲ್ಲ ಎಂದುಕೊಂಡಿದ್ದಳು ಧೂಳಿ. ಅವನು ಬಂದ. ಎರಡು ಚೀಲ ಇಳಿಸಿದ.

"ನನ್ನ ಕೆಲಸ ಹೋಯ್ತಲ್ಲ" ಅಂದಳು.

"ನಿಂದು ಹೋಯ್ತು" ಅಂದ ಚೀಲದವನು. ಸಾಧಾರಣ ಮನುಷ್ಯ, ಅವನ ದನಿಯಲ್ಲಿ ಹಗೆಯಿರಲಿಲ್ಲ. "ನಿನ್ನ ಮಗಳದ್ದು ಹೋಗಿಲ್ಲ. ಇವಳ ಕೈ ಚೆನ್ನಾಗಿದೆ, ಒಂದೂ ವಾಪಸ್ ಬರಲ್ಲ, ಇನ್ನು ಮೇಲೆ ಎರಡು ಕೊಡು ಅಂದ್ರು. ಒಳ್ಳೇದಾಯ್ತಲ್ಲ. ಮನೇಲೇ ಇದ್ದು ಮಾಡಿಸು."

ಧೂಳಿ ಚೀಲಗಳನ್ನು ನೋಡಿದಳು. ಒಳಗೆ ಮುದುಕ ಅರ್ಧ ಬಾಯಲ್ಲಿ ಏನೋ ಅಂದ. ಹಸಿವು ಅಂದನೋ, ಬೇಡ ಅಂದನೋ.

"ತಗೊಂಡು ಹೋಗು" ಅಂದಳು.

"ತಲೆ ಕೆಟ್ಟಿದ್ಯಾ? ನಾಳೆ ಏನು ತಿಂತೀಯ?"

"ತಗೊಂಡು ಹೋಗು ಅಂದೆ."

ಚೋಟಿ ಆಗಲೇ ಚೀಲದ ಬಾಯಿ ಬಿಚ್ಚಿ ಕೂತಿದ್ದಳು. ಒಂದು ಮಂಡಿ ಮಡಿಸಿ, ಒಂದು ಮಂಡಿ ನಿಲ್ಲಿಸಿ. ಬೆರಳಿಗೆ ಕಾಗದ ಸುತ್ತಿಯಾಗಿತ್ತು. ಧೂಳಿ ಬಗ್ಗಿ ಅವಳ ಕೈಯಿಂದ ಬಳೆ ಕಿತ್ತುಕೊಂಡಳು. ಮಗು ಇನ್ನೊಂದು ತೆಗೆಯಿತು. ಅದನ್ನೂ ಕಿತ್ತಳು. ಕಾಗದ ಕಿತ್ತಳು. ಚೀಲದ ಬಾಯಿ ಕಟ್ಟಿ ಗಾಡಿಯ ಕಡೆ ಒದ್ದಳು.

ಚೋಟಿ ಖಾಲಿ ಕೈ ನೋಡಿಕೊಂಡಳು. ಹುಟ್ಟಿದಾಗಿನಿಂದ ಅವಳ ಕೈಗೆ ಸಿಕ್ಕಿದ್ದು ಆ ಬಳೆಯೊಂದೇ. ಅವಳ ಗೊಂಬೆ ಅದು, ಅವಳ ಗೆಳತಿ ಅದು, ತಾಯಿ ಪಕ್ಕದಲ್ಲಿ ಕೂರುತ್ತಿದ್ದ ಹೊತ್ತೂ ಅದೇ. ಮುಖ ಕೆಂಪಾಯಿತು. ಬಾಯಿ ಅಗಲವಾಯಿತು. ನೆಲಕ್ಕೆ ಬಿದ್ದು, ಕಾಲು ಬಡಿದು, ಬೀದಿ ಹರಿದುಹೋಗುವ ಹಾಗೆ ಅತ್ತಳು. ಚೀಲದ ಕಡೆಗೆ ತೆವಳಿದಳು. ಧೂಳಿ ಸೊಂಟ ಹಿಡಿದು ಹಿಂದಕ್ಕೆಳೆದಳು. ಮಗು ಅವಳ ಕೈ ಕಚ್ಚಿತು. ಅವಳು ಬಿಡಲಿಲ್ಲ. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು.

"ನೋಡು, ಮಗುನೇ ಕೇಳ್ತಾ ಇದೆ" ಅಂದ ಚೀಲದವನು. "ಕೊಟ್ಟುಬಿಡು, ಪಾಪ. ಎಷ್ಟು ಅಳ್ತಿದೆ."

ಧೂಳಿ ನೆಲದ ಮೇಲೆ ಕೂತು, ಒದ್ದಾಡುವ ಮಗುವನ್ನು ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡಳು. ಕೈಯಿಂದ ರಕ್ತ ಇಳಿಯುತ್ತಿತ್ತು.

"ಅಳಲಿ" ಅಂದಳು. "ಅದನ್ನಾದ್ರೂ ಕಲೀಲಿ."